ವಿಮಾನ ಇಳಿಯುವಾಗ ಜೀಪಿನ ದೀಪ ಆರಿಸಿ

ಕುರಿಗಾಹಿಗಳಾದ ನಮ್ಮ ಚಳಿಗಾಲದ ಬೀಡಿನಲ್ಲಿ ಹಿಮ ಬಿದ್ದರೆ ಜಿಲ್ಲಾ ಆಸ್ಪತ್ರೆಗೆ ದಾರಿಯೇ ಇರುವುದಿಲ್ಲ. ಜೋರು ಕಾಯಿಲೆಯವರನ್ನು ಕರೆದೊಯ್ಯಲು ಆಸ್ಪತ್ರೆಯ ಪುಟ್ಟ ವಿಮಾನವೇ ಬರಬೇಕು. ಡಿಸೆಂಬರಿನಲ್ಲಿ ಐದು ಗಂಟೆಗೆಲ್ಲ ಕತ್ತಲು. ಕಾಯಿಲೆಗೆ ಹಗಲು ರಾತ್ರಿ ಗೊತ್ತಿಲ್ಲ.

ಆ ದಿನ ಕುರಿಗಾಹಿ ಮುದುಕ ಕೊಷ್ಕರ್‌ಬಾಯ್‌ನ ಸೊಸೆ ಮೆರುಯೆರ್ತ್‌ಗೆ ಹೆರಿಗೆಯಾಯಿತು. ಮಗು ಚೆನ್ನಾಗಿತ್ತು, ತಾಯಿಗೆ ರಕ್ತ ನಿಲ್ಲಲಿಲ್ಲ. ನಮ್ಮ ದಾದಿ ಬಾಲ್ಜಾನ್ ತನ್ನ ಚೀಲದಲ್ಲಿದ್ದ ಮದ್ದನ್ನೆಲ್ಲ ಕೊಟ್ಟು ಆಸ್ಪತ್ರೆಗೆ ಫೋನ್ ಮಾಡಿದಳು. ಆರೂವರೆಗೆ ವಿಮಾನ ಬರುತ್ತದೆ ಎಂದರು. ಅದು ಇಳಿಯದೆ ಹೋದರೆ ಮೆರುಯೆರ್ತ್ ಬೆಳಗು ಕಾಣುವುದು ಕಷ್ಟ ಎಂದು ಬಾಲ್ಜಾನ್ ಮುಚ್ಚುಮರೆಯಿಲ್ಲದೆ ಹೇಳಿದಳು.

ಕೊಷ್ಕರ್‌ಬಾಯ್ ಕೈಕಟ್ಟಿ ಕೂರುವ ಪೈಕಿಯಲ್ಲ. ಮೂರು ಜೀಪು ತರಿಸಿದ. ವಿಮಾನ ಇಳಿಯುವ ಬಯಲಿನ ತುದಿಯಲ್ಲಿ, ಅದು ಬರುವ ದಿಕ್ಕಿಗೇ ಮುಖ ಮಾಡಿ ನಿಲ್ಲಿಸಿ ದೀಪ ಹಾಕಿಸಿದ. ಬಾಲ್ಜಾನ್ ಬಂದು ಆರಿಸಿ ಎಂದಾಗ ಅವನಿಗೆ ಸಿಟ್ಟು ನೆತ್ತಿಗೇರಿತು.

"ಮನೆಗೆ ಬರೋರಿಗೆ ದೀಪ ಹಿಡೀತಾರೋ, ಆರಿಸ್ತಾರೋ? ಸೂಜಿ ಚುಚ್ಚೋದು ನಿನ್ ಕೆಲಸ, ಅದನ್ನ ನೋಡ್ಕೋ."

"ಅದು ಆಯ್ತು, ಅಜ್ಜಾ. ರಾತ್ರಿ ಕುರಿ ತಪ್ಪಿಸ್ಕೊಂಡ್ರೆ ನೀವು ಟಾರ್ಚ್ ಬಿಟ್ಕೊಂಡು ಹುಡುಕ್ತೀರಾ?"

ಟಾರ್ಚ್ ಹಾಕಿದರೆ ಬೆಳಕಿನಾಚೆಗೆ ಏನೂ ಕಾಣುವುದಿಲ್ಲ, ಮಬ್ಬಾಗಿ ಕಾಣುವ ಕುರಿಯನ್ನು ನೇರವಾಗಿ ನೋಡದೆ ತುಸು ಪಕ್ಕಕ್ಕೆ ನೋಡಬೇಕು ಎಂದು ನಮಗೆಲ್ಲ ಕಲಿಸಿದವನೇ ಆ ಮುದುಕ. ಪೈಲಟ್ ಕಣ್ಣೂ ಹಾಗೇ, ಆಸ್ಪತ್ರೆಯ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ ಎಂದಳು ಬಾಲ್ಜಾನ್. ಕತ್ತಲಿಗೆ ಒಗ್ಗಲು ಅರ್ಧ ಗಂಟೆ ಬೇಕು, ಜೀಪಿನ ಬೆಳಕು ಒಮ್ಮೆ ಹೊಡೆದರೆ ಅಷ್ಟೂ ಹೋಯಿತು.

ಜೀಪಿನ ದೀಪಗಳು ಆರಿದವು. ಹಾಗಾದರೆ ಒಂದೇ ಒಂದು ಲಾಂದ್ರ ಇಡೋಣ, ಕಣ್ಣಿದ್ದವನಿಗೆ ಅಷ್ಟು ಸಾಕು ಎಂದು ಮುದುಕ ಹೊಸ ವರಸೆ ತೆಗೆದ. ಬಾಲ್ಜಾನ್ ವಾದ ಮಾಡಲಿಲ್ಲ. ಬಾಣಂತಿಯ ಗಂಡ ಸಾಪರ್‌ನ ಕೈಗೆ ಲಾಂದ್ರ ಕೊಟ್ಟು ಕತ್ತಲ ಬಯಲಿಗೆ ಕಳಿಸಿದಳು. ಅದನ್ನೇ ನೆಟ್ಟ ಕಣ್ಣಿನಿಂದ ನೋಡುತ್ತಿರಿ ಎಂದು ಮುದುಕನಿಗೆ ಹೇಳಿದಳು.

ಸ್ವಲ್ಪ ಹೊತ್ತಾದ ಮೇಲೆ ಮುದುಕ ಗೊಣಗಿದ. "ಸಾಪರ್ ಯಾಕೆ ಎಡಕ್ಕೆ ಹೋಗ್ತಿದಾನೆ? ನಿಂತ ಕಡೆ ನಿಲ್ಲೋಕೂ ಬರಲ್ವಾ ಅವನಿಗೆ?"

"ನಾನು ಇಲ್ಲೇ ಇದ್ದೀನಿ, ಅಪ್ಪ." ಸಾಪರ್ ಅವನ ಬೆನ್ನ ಹಿಂದೆ ನಿಂತಿದ್ದ. "ಲಾಂದ್ರ ಗೂಟಕ್ಕೆ ಕಟ್ಟಿ ಬಂದೆ."

ಯಾರೂ ನಗಲಿಲ್ಲ. ಸುತ್ತ ಏನೂ ಕಾಣದಿದ್ದಾಗ ಒಂಟಿ ದೀಪ ತಾನೇ ಓಡಾಡಿದ ಹಾಗೆ ಕಣ್ಣಿಗೆ ತೋರುತ್ತದೆ ಎಂದು ಬಾಲ್ಜಾನ್ ವಿವರಿಸಿದಳು. ಅದು ಹತ್ತಿರದ ಸಣ್ಣ ದೀಪವೋ ದೂರದ ದೊಡ್ಡ ದೀಪವೋ ತಿಳಿಯುವುದಿಲ್ಲ. ಕೆಳಗೆ ಬರೀ ಕತ್ತಲಿದ್ದರೆ ಪೈಲಟ್‌ಗೆ ತಾನಿನ್ನೂ ಎತ್ತರದಲ್ಲಿದ್ದೇನೆ ಅನ್ನಿಸುತ್ತದೆ. ಅವನು ಇಳಿಸುತ್ತ ಇಳಿಸುತ್ತ ಬಯಲು ಮುಟ್ಟುವ ಮೊದಲೇ ನೆಲಕ್ಕೆ ಬಡಿಯಬಹುದು. ಎರಡು ಸಾಲು ದೀಪವಿದ್ದರೆ ಕಣ್ಣಿಗೆ ಒಂದು ಅಳತೆ ಸಿಗುತ್ತದೆ.

"ಎಷ್ಟು ದೀಪ ಬೇಕು, ಹೇಳು" ಎಂದ ಮುದುಕ. ದನಿ ತಗ್ಗಿತ್ತು.

ಹದಿನಾರು ಡಬ್ಬಿಗಳಿಗೆ ಮರಳು ತುಂಬಿ ಡೀಸೆಲ್ ಸುರಿದೆವು. ಸಾಲಿಗೆ ಎಂಟರಂತೆ, ನಡುವೆ ಸಮ ಅಂತರ ಬಿಟ್ಟು ಮುದುಕನೇ ಹೆಜ್ಜೆ ಎಣಿಸಿ ಇಡಿಸಿ ಬೆಂಕಿ ಹಚ್ಚಿಸಿದ. ಬಾಲ್ಜಾನ್ ಆಸ್ಪತ್ರೆಗೆ ಫೋನ್ ಮಾಡಿ ದೀಪಗಳ ಲೆಕ್ಕ, ಗಾಳಿಯ ದಿಕ್ಕು ಎರಡನ್ನೂ ತಿಳಿಸಿದಳು.

ವಿಮಾನದ ಸದ್ದು ಕೇಳಿಸಿತು. ಅದೇ ಹೊತ್ತಿಗೆ ಪಕ್ಕದ ಬೀಡಿನವರು ಸಹಾಯಕ್ಕೆಂದು ಕಾರಿನಲ್ಲಿ ಬಂದರು. ಕಾರಿನ ಎರಡೂ ದೀಪ ನೇರ ವಿಮಾನದ ಕಡೆಗೇ ಝಗ್ಗೆಂದು ಹೊಳೆಯುತ್ತಿದ್ದವು. ಕೊಷ್ಕರ್‌ಬಾಯ್ ಓಡಿಹೋಗಿ ಮೈಮೇಲಿನ ಕುರಿಚರ್ಮದ ಕೋಟು ಕಿತ್ತು ಒಂದು ದೀಪಕ್ಕೆ ಹೊದಿಸಿದ. ಇನ್ನೊಂದಕ್ಕೆ ಬರೀ ಅಂಗಿಯಲ್ಲಿ ತಾನೇ ಬೆನ್ನು ಕೊಟ್ಟು ನಿಂತ. ಚಾಲಕನಿಗೆ ವಿಷಯ ತಿಳಿದು ದೀಪ ಆರಿಸುವವರೆಗೂ ಅಲುಗಲಿಲ್ಲ.

ವಿಮಾನ ಎರಡು ಸಾಲಿನ ನಡುವೆ ಇಳಿಯಿತು.

ಮೆರುಯೆರ್ತ್ ಹನ್ನೆರಡು ದಿನಕ್ಕೆ ಆಸ್ಪತ್ರೆಯಿಂದ ಮನೆಗೆ ಬಂದಳು. ಮುದುಕನಿಗೆ ಆ ಹನ್ನೆರಡೂ ದಿನ ಕೆಮ್ಮು. ಆ ಡಬ್ಬಿಗಳು ಈಗಲೂ ಅವನ ಬಾಗಿಲ ಪಕ್ಕದಲ್ಲಿವೆ, ಬೂದಿ ಹಾಕಲು ಕೇಳಿದರೂ ಸೊಸೆ ಕೊಡುವುದಿಲ್ಲ.

ನಿಮ್ಮ ಬೀಡಿಗೂ ಒಂದು ದಿನ ವಿಮಾನ ಬರಬೇಕಾದೀತು. ಹದಿನಾರು ಡಬ್ಬಿ ಇವತ್ತೇ ಎತ್ತಿಡಿ. ಎಲ್ಲಿಡಬೇಕೆಂದು ನಿಮ್ಮ ದಾದಿಯನ್ನು ಕೇಳಿ, ಹಗಲಲ್ಲೇ ಒಮ್ಮೆ ಇಟ್ಟು ನೋಡಿ. ಸದ್ದು ಕೇಳಿದ ಕೂಡಲೇ ಗಾಡಿಯ ದೀಪ ಆರಿಸಿ. ಮೇಲಿರುವ ಪೈಲಟ್ ಕಣ್ಣನ್ನು ನಂಬಿ ನಿಮ್ಮ ಮನೆಯವರು ಕೆಳಗೆ ಕಾಯುತ್ತಿರುತ್ತಾರೆ.