ಐದು ಪಿನ್ನಿನ ಪಾಲು

ಕೀಬೋರ್ಡನ್ನು ಸಮಾಧಿಯ ಗುಂಡಿಗೆ ಇಳಿಸಲು ಜಯಕುಮಾರ್ ಬಗ್ಗಿದಾಗ ಗುಂಡಯ್ಯ ಅವನ ರಟ್ಟೆ ಹಿಡಿದರು.

"ಏನೋ ಅದು? ವಿಭೂತಿ, ಪತ್ರೆ ಹಾಕೋ ಜಾಗಕ್ಕೆ ಪ್ಲಾಸ್ಟಿಕ್ ಹಾಕ್ತೀಯಾ?"

"ಅಣ್ಣಂದು ಕಣ್ ದೊಡ್ಡಪ್ಪ. ಇಷ್ಟ್ ವರ್ಷ ನಾನ್ ಇಟ್ಕಂಡಿದ್ದೆ. ಅಣ್ಣನ ಜೊತೇಲೇ ಹೋಗ್ಲಿ."

ಗುಂಡಿಯೊಳಗೆ ಅಣ್ಣ ಲಿಂಗಪ್ಪ ಹಣೆತುಂಬ ವಿಭೂತಿ ಧರಿಸಿ, ಅಂಗೈಯಲ್ಲಿ ಲಿಂಗ ಹಿಡಿದು ಕೂತಿದ್ದ. ಅಂಗಡಿ ಪಾಲಾದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ. ತಾನಾಗಿ ಬಂದಿದ್ದರೆ ಅಣ್ಣ ಒಳಗೆ ಕರೆಯುತ್ತಿದ್ದನೋ, ಬಾಗಿಲು ಹಾಕುತ್ತಿದ್ದನೋ? ಇನ್ನು ಕೇಳುವಂತಿಲ್ಲ.

ಅತ್ತಿಗೆ ನೇತ್ರಾವತಿ ಮುಂದೆ ಬಂದಳು. "ಹೂಳ್ಬ್ಯಾಡ ಕುಮಾರ. ಮನೆಗೆ ತಗಂಬಾ."

*

ಆಲೂರಿನಲ್ಲಿ ಅಣ್ಣತಮ್ಮಂದಿರು ಜಾಬ್ ಟೈಪಿಂಗ್ ಅಂಗಡಿ ಇಟ್ಟಿದ್ದರು. ಅಣ್ಣ ಓದಿ ಹೇಳುವುದು, ತಮ್ಮ ಕುಟ್ಟುವುದು. ಬೋರ್ಡಿನಲ್ಲಿ ಯಾರ ಹೆಸರು ಮೊದಲು ಎಂಬ ಘನಕಾರ್ಯಕ್ಕೆ ಜಗಳವಾಗಿ ಪಾಲಿಗೆ ಬಂತು. ನ್ಯಾಯಕ್ಕೆ ಕೂತ ಗುಂಡಯ್ಯ ಕಂಪ್ಯೂಟರನ್ನು ಜೋಡೆತ್ತಿನಂತೆ ಹಂಚಿದರು. ಟೀವಿಯಂಥದ್ದೂ ಅದರ ಪೆಟ್ಟಿಗೆಯೂ ದೊಡ್ಡವನಿಗೆ, ಕೀಬೋರ್ಡು ಪ್ರಿಂಟರು ಚಿಕ್ಕವನಿಗೆ.

"ಅರ್ಧರ್ಧ ಆಯ್ತಲ್ಲ, ಇನ್ನೇನು?" ಎಂದರು.

ಒಂದಿಲ್ಲದೆ ಇನ್ನೊಂದು ಕೆಲಸಕ್ಕೆ ಬಾರದೆಂದು ಇಬ್ಬರಿಗೂ ಗೊತ್ತಿತ್ತು. ಬಾಯಿಬಿಟ್ಟವನು ಸೋತ ಹಾಗೆ. ಪ್ರಿಂಟರಿನ ಸೀರಿಯಲ್ ಕೇಬಲ್ಲನ್ನೂ ಕೀಬೋರ್ಡಿನ ಐದು ಪಿನ್ನಿನ ದುಂಡು ಪ್ಲಗ್ಗನ್ನೂ ಕಿತ್ತುಕೊಂಡು ಜಯಕುಮಾರ್ ಸಕಲೇಶಪುರದ ಬಸ್ಸು ಹತ್ತಿದ. ಪ್ರಿಂಟರು ಆಮೇಲೆ ಗುಜರಿಗೆ ಹೋಯಿತು. ಕೀಬೋರ್ಡು ಕೊಡಲು ಮನಸ್ಸು ಬರಲಿಲ್ಲ.

*

ಮಣ್ಣು ಮುಚ್ಚಿ, ಸ್ನಾನ ಮುಗಿಸಿ ಬಂದಾಗ ನೇತ್ರಾವತಿ ಮೂಲೆಯ ಮೇಜಿನ ಮೇಲಿನ ಬಟ್ಟೆ ಸರಿಸಿದಳು. ಅದೇ ಹಳೆಯ ಪೆಟ್ಟಿಗೆ.

"ಗುಜರಿಗೆ ಹಾಕಿ ಅಂದ್ರೆ ಕೇಳ್ತಿರ್ಲಿಲ್ಲ ಮಾರಾಯ. ಬ್ಯಾರೆ ಕೀಬೋರ್ಡ್ ತನ್ನಿ ಅಂದ್ರೂ ಒಪ್ತಿರ್ಲಿಲ್ಲ. ಹಿಂದ್ಗಡೆ ನೋಡು."

ಜಯಕುಮಾರ್ ಪೆಟ್ಟಿಗೆ ತಿರುಗಿಸಿದ. ಪ್ರಿಂಟರಿನ ಕೇಬಲ್ಲು ಕೂರುವ ಸೀರಿಯಲ್ ಪೋರ್ಟಿಗೂ ಕೀಬೋರ್ಡಿನ ದುಂಡು ತೂತಿಗೂ ದೀಪದ ಬತ್ತಿ ಹೊಸೆಯುವ ಅರಳೆ ಒತ್ತಿತ್ತು. ಅರಳೆ ಬೆಳ್ಳಗೆ, ಹೊಸದಾಗಿತ್ತು.

"ಪ್ರತಿ ಮಳೆಗಾಲ ಮುಗೀತಿದ್ದಂಗೆ ಬದಲಾಯ್ಸೋರು. ಹುಳ ಗೂಡು ಕಟ್ಬುಟ್ರೆ ಕುಮಾರ ಬಂದಾಗ ಎಲ್ಲಿಗೆ ಚುಚ್ತಾನೆ ಅನ್ನೋರು."

ಜಯಕುಮಾರ್ ಬಿಕ್ಕಿ ಬಿಕ್ಕಿ ಅತ್ತ. ಬಾಗಿಲಲ್ಲಿ ನಿಂತಿದ್ದ ಗುಂಡಯ್ಯ ತಲೆ ತಗ್ಗಿಸಿದರು.

ಆಮೇಲೆ ಅವನು ದುಂಡು ತೂತಿನ ಅರಳೆ ತೆಗೆದು, ಪ್ಲಗ್ಗನ್ನು ಹೊಂದಿಸಿ ಒತ್ತಿದ. ಸಲೀಸಾಗಿ ಕೂತಿತು. ಪ್ರಿಂಟರು ಇನ್ನು ಬರುವಂತಿರಲಿಲ್ಲ; ಅದರ ಪೋರ್ಟಿಗೆ ಅಣ್ಣ ಒತ್ತಿದ್ದ ಅರಳೆಯನ್ನು ಮುಟ್ಟಲಿಲ್ಲ. ಕಿತ್ತ ಅರಳೆಯನ್ನೂ ಅದರ ಮೇಲೆಯೇ ಇಟ್ಟು, ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದ.