ರಾಮವ್ವ ಕುಂತಲ್ಲೇ ಕುರಿ

ರಾಮವ್ವನ ಕೆಂಚಿ ಕುರಿ ಮರಿ ಹಾಕಿ ಎಂಟು ದಿನವಾಗಿತ್ತು. ಕೆಚ್ಚಲಲ್ಲಿ ಹಾಲಿರಲಿಲ್ಲ. ಊರ ದನಕರು ಮೇಯುವ ಗಾಯರಾಣದಲ್ಲಿ, ನೀರಿನ ತೊಟ್ಟಿಯ ನೆರಳಿಗೆ ಮರಿ ಮುದುಡಿ ಮಲಗಿತ್ತು. ಅರಚುವುದನ್ನೂ ಬಿಟ್ಟಿತ್ತು.

ಊರಿನ ದನಕುರಿಗಳ ಆರೈಕೆ ನೋಡುವ ಪಶುಸಖಿ ಸುಲ್ತಾನಬಿ ಕೆಚ್ಚಲು ಮುಟ್ಟಿ ನೋಡಿದಳು. "ಬ್ಯಾನಿ ಏನಿಲ್ಲ ರಾಮಕ್ಕ. ಹೊಟ್ಟಿಗಿಲ್ಲ."

"ಎಲ್ಲಿಂದ ತರ್ಲಿ? ಇಲ್ಲಿ ಒಂದು ಎಸಳು ಹುಲ್ಲು ಐತೇನು?"

"ಇಲ್ಲಿಲ್ಲ. ಆ ದಿನ್ನಿ ಮ್ಯಾಲ ನೋಡು."

ದೂರದ ದಿನ್ನೆಯ ಮೇಲೆ ಮೊಣಕಾಲುದ್ದ ಹುಲ್ಲು ಗಾಳಿಗೆ ತೂಗುತ್ತಿತ್ತು.

"ನೀರು ಬಿಟ್ಟು ಕುರಿ ಅಷ್ಟು ದೂರ ಹೋಗಂಗಿಲ್ಲ."

"ಹೋದ ವರ್ಷ ಹೋಗ್ತಿದ್ದುವಲ್ಲ?"

ರಾಮವ್ವ ಮರಿಯನ್ನು ಮಡಿಲಿಗೆ ಎಳೆದುಕೊಂಡಳು. ಹೋದ ವರ್ಷ ನಾದಿನಿ ಭುವನೇಶ್ವರಿ ಇದ್ದಳು. ಇಬ್ಬರೂ ಮಾತಾಡುತ್ತ ಮಾತಾಡುತ್ತ ದಿನ್ನೆ ಹತ್ತಿಬಿಡುತ್ತಿದ್ದರು. ಅವಳು ಮದುವೆಯಾಗಿ ತಂಗಡಗಿಗೆ ಹೋದಳು. ಅಂದಿನಿಂದ ರಾಮವ್ವ ತೊಟ್ಟಿಯ ಬಳಿಯೇ ಕೂರುತ್ತಾಳೆ. ದನಕ್ಕೆ ನೀರು ಕುಡಿಸಲು ಬಂದವರು ಯಾರಾದರೂ, ಊಟ ಆಯಿತೇ ಎಂದು ಕೇಳುತ್ತಾರೆ.

"ಅಲ್ಲಿ ಗಾಳಿ ಬಿಟ್ರ ಮಾತಾಡಾಕ ಯಾರೂ ಇಲ್ಲವ್ವಾ," ಎಂದಳು.

ಸುಲ್ತಾನಬಿ ಪಕ್ಕದಲ್ಲಿ ಕುಳಿತಳು. "ನೀ ಕುಂತಲ್ಲೇ ಕುರಿ ನಿಲ್ತಾವ. ಚಿಗುರಿದ್ದನ್ನ ಚಿಗುರಿದಂಗ ಮೇದು ಹಾಕ್ತಾವ. ತುಳಿದು ತುಳಿದು ನೆಲ ಗಟ್ಟಿ ಆಗೈತಿ, ಮಳಿನೀರೂ ಇಂಗಂಗಿಲ್ಲ. ಮತ್ತ ಕುರಿ ನೆಕ್ಕೂ ಉಪ್ಪೂ ನೀ ಇಲ್ಲೇ ಇಟ್ಟೀ."

"ನಮ್ಮತ್ತಿನೂ ಇಲ್ಲೇ ಇಡ್ತಿದ್ಲು."

"ನಿಮ್ಮತ್ತಿ ಕಾಲಕ್ಕ ಈ ತೊಟ್ಟೀನ ಇರಲಿಲ್ಲ. ಸುಳ್ಳು ಹೇಳಬ್ಯಾಡ."

ರಾಮವ್ವನಿಗೆ ಬಹಳ ದಿನದ ಮೇಲೆ ನಗು ಬಂತು.

"ಉಪ್ಪು ದಿನ್ನಿ ಮ್ಯಾಲ ಇಡು. ಮುಂಜಾನೆ ನೀರು ಕುಡಿಸಿ ಹೊಡಕೊಂಡು ನಡಿ, ಮಧ್ಯಾಹ್ನ ನೀರಿಗಷ್ಟ ಇಳಿಸು. ಹಾಲು ಇಳಿಯೂತನಕ ಮರಿಗೆ ನಮ್ಮ ಆಡಿನ ಹಾಲು ಕುಡಿಸೂಣು. ಬರೂ ಮಂಗಳಾರ ನಾನೂ ಬುತ್ತಿ ಕಟಗೊಂಡು ಬರ್ತೇನಿ."

ಮರುದಿನ ರಾಮವ್ವ ಮರಿಯನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು, ಉಪ್ಪಿನ ಚೀಲ ಹೆಗಲಿಗೇರಿಸಿ ನಡೆದಳು. ಕುರಿಗಳು ತೊಟ್ಟಿಯತ್ತ ತಿರುಗಿ ನೋಡಿದವು. ಆಮೇಲೆ ಉಪ್ಪಿನ ಹಿಂದೆ ಬಂದವು. ದಿನ್ನೆಯ ಮೇಲೆ ಊಟ ಆಯಿತೇ ಎಂದು ಯಾರೂ ಕೇಳಲಿಲ್ಲ.

ಆರನೆಯ ದಿನ ಮರಿ ಕೆಚ್ಚಲಿಗೆ ತಲೆ ಗುದ್ದಿ ಗುದ್ದಿ ಕುಡಿಯಿತು. ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಸುಲ್ತಾನಬಿ ಬರುವ ಮಂಗಳವಾರ ನಾಳೆಯೇ ಇತ್ತು. ರಾಮವ್ವ ಕಾದಳು.

ಅಕ್ಕ ತಂಗಿಯರೇ, ನಿಮ್ಮೂರ ತೊಟ್ಟಿಯ ಸುತ್ತಲಿನ ನೆಲವನ್ನೊಮ್ಮೆ ನೋಡಿರಿ. ಬೋಳಾಗಿದ್ದರೆ ಉಪ್ಪನ್ನು ಹುಲ್ಲಿರುವ ಕಡೆಗೆ ಒಯ್ಯಿರಿ. ನೀರು ಕುಡಿಸಿದ ಮೇಲೆ ಕುರಿಗಳನ್ನು ಅಲ್ಲಿ ನಿಲ್ಲಿಸಬೇಡಿರಿ, ಆ ನೆಲಕ್ಕೂ ಚಿಗುರಲು ಪುರಸೊತ್ತು ಬೇಕು. ದೂರದ ದಿನ್ನೆಯ ಮೇಲೆ ಯಾರಾದರೂ ಒಬ್ಬಳೇ ಕುರಿ ಕಾಯುವುದು ಕಂಡರೆ, ಒಂದು ದಿನ ಬುತ್ತಿ ಕಟ್ಟಿಕೊಂಡು ಅವಳ ಜೊತೆ ಹೋಗಿರಿ.