ಮುಚ್ಚಳವಿಲ್ಲದ ತೊಟ್ಟಿ

ಆ ಬೆಳಿಗ್ಗೆಯೂ ಬೀದಿ ಮೂಲೆಯ ಕಸದ ತೊಟ್ಟಿಯ ಪಕ್ಕದಲ್ಲಿ ಒಂದು ಕವರ್ ಬಿದ್ದಿತ್ತು. ಬೀದಿನಾಯಿಗಳು ಅದಕ್ಕಾಗಿ ಕಚ್ಚಾಡುತ್ತಿದ್ದವು. ವೆಲ್ಡರ್ ಎಣ್ಣೆ ಡಬ್ಬಿ ಕೆಳಗಿಟ್ಟು "ಹಚಾ!" ಎಂದು ಅವನ್ನು ಚದುರಿಸಿದ. ತೊಟ್ಟಿ ಅವನೇ ಮಾಡಿದ್ದು. ಪೆಡಲ್ ಒತ್ತಿದರೆ ಮುಚ್ಚಳ ಏಳುತ್ತದೆ, ಕಾಲು ತೆಗೆದರೆ ತಾನಾಗಿ ಕೂರುತ್ತದೆ. ಎಂಥ ನಾಯಿ ಮೂತಿ ಹಾಕಿದರೂ ಜಗ್ಗುವುದಿಲ್ಲ.

ಮೊದಲ ತೊಟ್ಟಿಯಲ್ಲಿ ಮುಚ್ಚಳಕ್ಕೆ ಹಿಡಿಕೆ ಇಟ್ಟು ಅವನು ಪೇಚಿಗೆ ಸಿಕ್ಕಿದ್ದ. ಕಸದ ತೊಟ್ಟಿಯ ಹಿಡಿಕೆಯನ್ನು ಬರಿಗೈಯಲ್ಲಿ ಮುಟ್ಟುವ ಪುಣ್ಯಾತ್ಮ ಆ ಬೀದಿಯಲ್ಲಿ ಒಬ್ಬನೂ ಇರಲಿಲ್ಲ. ಎಲ್ಲರೂ ದೂರದಿಂದಲೇ ಕವರ್ ಬೀಸಿ ಹೋದರು. ಕೊನೆಗೆ ಆ ಮುಚ್ಚಳ ಕಿತ್ತು ಪೆಡಲಿನ ಹೊಸ ತೊಟ್ಟಿಗೆ ಕೂರಿಸಿದ. ಬೋಳು ತೊಟ್ಟಿ ಈಗ ವರ್ಕ್‌ಶಾಪಿನ ಹಿತ್ತಲಲ್ಲಿ ಅಡ್ಡ ಬಿದ್ದಿತ್ತು.

ನಗರಸಭೆಯ ಎಂಜಿನಿಯರ್ ಮುಚ್ಚುಮರೆಯಿಲ್ಲದೆ ಹೇಳಿದ್ದರು: "ಶನಿವಾರ ಬರ್ತೀನಿ. ಮೂಲೆ ಕ್ಲೀನಾಗಿದ್ರೆ ಊರಿಗೆಲ್ಲ ಇದೇ ತೊಟ್ಟಿ. ನಾಯಿ ಹಿಂಡು ಹೀಗೇ ಇದ್ರೆ ನನ್ನ ಕೈಲೇನೂ ಇಲ್ಲ, ಹಿಡಿಯೋ ವ್ಯಾನ್ ಬರುತ್ತೆ." ವ್ಯಾನಿನಲ್ಲಿ ಹೋದ ನಾಯಿ ತಿರುಗಿ ಬಂದದ್ದನ್ನು ಯಾರೂ ಕಂಡಿರಲಿಲ್ಲ. ವರ್ಕ್‌ಶಾಪಿನ ಬಾಗಿಲಲ್ಲೇ ಮಲಗಿ ಬೆಳೆದ ನಾಯಿಗಳು ಅವು. ಅದಕ್ಕೇ ವೆಲ್ಡರ್ ಮನೆಮನೆಗೂ ಹೋಗಿ, ಕಸವನ್ನು ತೊಟ್ಟಿಯೊಳಗೇ ಹಾಕಿ ಎಂದು, ಕಾಲು ಹಿಡಿಯುವುದೊಂದು ಬಾಕಿ ಎನ್ನುವಷ್ಟು ಬೇಡಿಕೊಂಡಿದ್ದ. ಎಲ್ಲರೂ ಮಾತು ಉಳಿಸಿಕೊಂಡಿದ್ದರು, ಒಬ್ಬರ ಹೊರತು.

ಅವನು ಕವರ್ ಎತ್ತಿದ. ಎಲ್ಲೂ ಹರಿದಿರಲಿಲ್ಲ, ಗಂಟು ಸಡಿಲವಾಗಿ ಬಾಯಿ ತೆರೆದುಕೊಂಡಿತ್ತು ಅಷ್ಟೆ. ಒಂದು ತುದಿ ಎಳೆದರೆ ಸಾಕು, ಬಿಚ್ಚಿಕೊಳ್ಳುವ ಗಂಟು. ಶಾಲೆಗೆ ಬುತ್ತಿ ಕಟ್ಟುವಾಗ ಅವನ ಪುಟ್ಟ ಕೈಗೆ ಕಷ್ಟವಾಗಬಾರದೆಂದು ಅಮ್ಮ ಹಾಕುತ್ತಿದ್ದದ್ದು ಇದನ್ನೇ.

ವರ್ಕ್‌ಶಾಪಿನ ಹಿಂದೆಯೇ ಮನೆ. ಅಮ್ಮ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದಳು.

"ಅಮ್ಮ, ಈ ಕವರ್ ನಿಂದಾ?"

"ಹೌದು. ಪೊಲೀಸಿಗೆ ಹಿಡಿದು ಕೊಡ್ತೀಯಾ?"

"ಪೆಡಲ್ ಒತ್ತೋಕೆ ಕಷ್ಟ ಆಗುತ್ತಾ?"

"ಕಷ್ಟ ಏನು ಬಂತು? ಹೂವಿನ ಹಾಗೆ ಏಳುತ್ತೆ. ಆ ಬಿಳಿ ನಾಯಿ ಗೋಡೆ ಹಿಂದೆ ಮರಿ ಹಾಕಿದೆ ಕಣೋ. ಪಕ್ಕೆಲುಬು ಎಣಿಸಬಹುದು. ನಿನ್ನ ಮುಚ್ಚಳ ಬಂದ್ಮೇಲೆ ಅದಕ್ಕೆ ಯಾರು ಹಾಕ್ತಾರೆ?"

"ನೀನು ಹಾಕಿದ್ದು ಅದರ ಬಾಯಿಗೆಲ್ಲಮ್ಮ ಹೋಗುತ್ತೆ? ಉಳಿದವು ಮುಕ್ಕಿಬಿಡ್ತವೆ. ಶನಿವಾರ ಹೀಗೇ ಇದ್ರೆ ವ್ಯಾನ್ ಬರುತ್ತೆ. ತಾಯೀನ ಹೊತ್ಕೊಂಡು ಹೋದ್ರೆ ಮರಿಗಳ ಗತಿ ಏನು?"

ಅಮ್ಮನ ಕೈ ನಿಂತಿತು. "ಇದನ್ನ ಮೊದಲೇ ಹೇಳೋಕೆ ನಿನ್ನ ಬಾಯಿಗೇನಾಗಿತ್ತು?"

"ಊರಿಗೆಲ್ಲ ಹೇಳ್ದೆ. ಮನೇಲಿ ಹೇಳೋದೇ ಮರೆತೆ."

"ಚೆನ್ನಾಗಿದೆ," ಎಂದಳು ಅಮ್ಮ. "ಈಗ ಅದಕ್ಕೂ ಹೋಗಿ ಹೇಳು, ಶನಿವಾರದ ತನಕ ಉಪವಾಸ ಇರು ಅಂತ."



ಮರುದಿನದಿಂದ ಕವರ್ ಕಾಣಲಿಲ್ಲ. ನಾಯಿಗಳು ಒಂದೊಂದಾಗಿ ಮೂಲೆ ಬಿಟ್ಟವು. ಬಿಳಿ ನಾಯಿ ಮಾತ್ರ ಒಮ್ಮೆ ಬಂದು, ಮುಚ್ಚಳದ ಸುತ್ತ ಮೂಸಿ, ಜೋತುಬಿದ್ದ ಹೊಟ್ಟೆಯನ್ನು ಎಳೆದುಕೊಂಡು ಹೋಯಿತು. ಗೆದ್ದೆ ಎನ್ನಿಸಬೇಕಾಗಿದ್ದ ವೆಲ್ಡರ್‌ಗೆ ಅಂದು ಊಟ ಸೇರಲಿಲ್ಲ. ಸಂಜೆ ಗೋಡೆಯ ಹಿಂದೆ ಹೋಗಿ ನೋಡಿದ. ತಾಯಿಯೂ ಇರಲಿಲ್ಲ, ಮರಿಗಳೂ ಇರಲಿಲ್ಲ. ಅಮ್ಮನಿಗೆ ಹೇಳಲು ಧೈರ್ಯವಾಗಲಿಲ್ಲ.

ಶನಿವಾರ ಎಂಜಿನಿಯರ್ ಬಂದರು. ಪೆಡಲ್ ಒತ್ತಿ ನೋಡಿದರು, ಸುತ್ತ ಒಂದು ಸುತ್ತು ಹಾಕಿದರು.

"ಭೇಷ್! ವ್ಯಾನ್ ಬೇಡ ಅಂತ ಹೇಳ್ತೀನಿ," ಎಂದರು. ವರ್ಕ್‌ಶಾಪಿಗೆ ಬಂದು ಕೂತವರ ಕಣ್ಣು ಹಿತ್ತಲ ಕಡೆ ಹೋಯಿತು. "ಅಲ್ಲೊಂದು ರೆಡಿ ಇದೆಯಲ್ಲ. ಇವತ್ತೇ ಪಕ್ಕದ ಬೀದೀಲಿ ಇಡಿಸೋಣ."

ವೆಲ್ಡರ್ ಅದನ್ನು ಎತ್ತಿ ನಿಲ್ಲಿಸಲು ಹೋದವನು ಬಗ್ಗಿದಲ್ಲೇ ನಿಂತ. ಆಮೇಲೆ ತೊಟ್ಟಿಯ ಬಾಯಿಗೆ ಅಡ್ಡವಾಗಿ ಸರಿದ.

"ಇದು ಆಗಲ್ಲ ಸಾರ್. ಮುಚ್ಚಳ ಇಲ್ಲ."

"ಹಾಕ್ಬಿಡಿ, ಅದಕ್ಕೇನು?"

"ಇನ್ನೂ ಸ್ವಲ್ಪ ದಿನ ಬೇಕು ಸಾರ್."

ಹಿತ್ತಲ ಬಾಗಿಲಲ್ಲಿ ಅಮ್ಮ ಬಟ್ಟೆ ಮಡಚುತ್ತಿದ್ದಳು, ಇತ್ತ ನೋಡಲಿಲ್ಲ. ತೊಟ್ಟಿಯೊಳಗೆ ಅವನ ಹಳೆಯ ಅಂಗಿಯ ಮೇಲೆ ಬಿಳಿ ನಾಯಿ ಪಕ್ಕಕ್ಕೆ ಮಲಗಿತ್ತು, ಮರಿಗಳು ಮೊಲೆಗೆ ಬಾಯಿ ಹಾಕಿದ್ದವು. ಹತ್ತಿರದಲ್ಲೇ ಒಂದು ಕವರ್ ಖಾಲಿಯಾಗಿ ಬಿದ್ದಿತ್ತು. ಎಲ್ಲೂ ಹರಿದಿರಲಿಲ್ಲ.